ಗೊಗ್ಗರು ದನಿಯನ್ನು ನಾನು ಕೇಳುವ ಬಗೆ

ನನ್ನ ಕೋಣೆಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಔಷಧಿಯ ಚೀಲ ಇರುತ್ತದೆ. ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪು, ಚೀಪುವ ಮಾತ್ರೆಗಳು, ಯಾರೋ ಬರೆದುಕೊಟ್ಟ ಆಂಟಿಬಯಾಟಿಕ್, ಕಾಗದದಲ್ಲಿ ಸುತ್ತಿದ ಜೇಷ್ಠಮಧುವಿನ ಬೇರು. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ಇಷ್ಟೆಲ್ಲ ಆಯಿತು ಸರ್, ದನಿ ಮಾತ್ರ ತಿರುಗಿ ಬರಲಿಲ್ಲ" ಎನ್ನುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇಷ್ಟು ದಿನದಲ್ಲಿ ಯಾರಾದರೂ ನಿಮ್ಮ ಧ್ವನಿಪೆಟ್ಟಿಗೆಯ ಒಳಗೆ ಇಣುಕಿ ನೋಡಿದ್ದಾರೆಯೇ? ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದ್ದು ಲೆಕ್ಕಕ್ಕಿಲ್ಲ. ಟಾರ್ಚಿಗೆ ಕಾಣುವುದು ಕಿರುನಾಲಿಗೆ, ಟಾನ್ಸಿಲ್, ಗಂಟಲಿನ ಹಿಂದಿನ ಗೋಡೆ, ಅಷ್ಟೇ. ದನಿ ಹುಟ್ಟುವ ಜಾಗ ಅದಕ್ಕಿಂತ ಕೆಳಗೆ, ನಾಲಿಗೆಯ ಬುಡದ ಆಚೆ ತಿರುವಿನಲ್ಲಿದೆ. ಅಲ್ಲಿಗೆ ಕನ್ನಡಿಯೋ ಎಂಡೋಸ್ಕೋಪೋ ತಲುಪದೆ ಏನೂ ತಿಳಿಯುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುವ ವಾಕ್ ಮತ್ತು ಶ್ರವಣ ಚಿಕಿತ್ಸಕ. ಔಷಧಿ ಬರೆಯುವುದು ನನ್ನ ಕೆಲಸವಲ್ಲ, ಕತ್ತರಿ ಹಿಡಿಯುವುದೂ ಅಲ್ಲ. ಕಿವಿ-ಮೂಗು-ಗಂಟಲಿನ ವೈದ್ಯರು ನೋಡಿ ಕಳಿಸಿದವರ ದನಿಯನ್ನು ಕೇಳುವುದು, ಅದು ಎಲ್ಲಿ ಕೆಡುತ್ತಿದೆ ಎಂದು ಹುಡುಕುವುದು, ಮತ್ತೆ ಸರಿಯಾಗಿ ದನಿ ಬಿಡಲು ಕಲಿಸುವುದು ನನ್ನ ಪಾಲಿನ ಕೆಲಸ. ಯಾರೂ ನೋಡದೆ ನೇರವಾಗಿ ನನ್ನ ಬಳಿ ಬಂದವರನ್ನು ನಾನೇ ವೈದ್ಯರ ಬಳಿಗೆ ಕಳಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. "ಹಾವೇರಿಯಿಂದ ಬಂದಿದ್ದೇನೆ, ಇಲ್ಲಿಯೂ ಚೀಟಿಯೇ?" ಎನ್ನುತ್ತಾರೆ. ಬಸ್ಸಿನ ಖರ್ಚು, ಒಂದು ದಿನದ ಪಗಾರ ಹೋದವರ ಸಿಟ್ಟು ನ್ಯಾಯವಾದದ್ದೇ. ಆದರೂ ಈ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ದನಿ ಗೊಗ್ಗರಾಗುವುದು ರೋಗವಲ್ಲ, ರೋಗದ ಒಂದು ಗುರುತು. ಅದೇ ಗುರುತು ನೆಗಡಿಗೂ ಬರುತ್ತದೆ, ಜಾತ್ರೆಯಲ್ಲಿ ಕೂಗಿದ್ದಕ್ಕೂ ಬರುತ್ತದೆ, ಕ್ಯಾನ್ಸರಿಗೂ ಬರುತ್ತದೆ. ನನ್ನ ಕಿವಿ ಎಷ್ಟೇ ಪಳಗಿದ್ದರೂ ಇವುಗಳನ್ನು ಕೇಳಿಯೇ ಬೇರೆ ಮಾಡಲಾರದು.

ಒಳಗೆ ನಡೆಯುವುದನ್ನು ಮೊದಲು ಹೇಳಿಬಿಡುತ್ತೇನೆ. ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ಗಟ್ಟಿಯಾಗಿ ಸಿಗುವ ಮೃದ್ವಸ್ಥಿಯ ಹಿಂದೆ ಎರಡು ಮಡಿಕೆಗಳು ಅಡ್ಡವಾಗಿ ಮಲಗಿವೆ. ಅವುಗಳ ಉದ್ದ ಗಂಡಸರಲ್ಲಿ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಒಂದೂವರೆ. ಉಸಿರಾಡುವಾಗ ಅವು ದೂರ ಸರಿದು ದಾರಿ ಬಿಡುತ್ತವೆ. ಮಾತಾಡುವಾಗ ಹತ್ತಿರ ಬರುತ್ತವೆ, ಶ್ವಾಸಕೋಶದಿಂದ ಬಂದ ಗಾಳಿ ಅವುಗಳ ನಡುವೆ ನುಗ್ಗಿ ಅವು ಕಂಪಿಸುವಂತೆ ಮಾಡುತ್ತದೆ. ಗಂಡಸಿನ ಮಾತಿನಲ್ಲಿ ಸೆಕೆಂಡಿಗೆ ನೂರು-ನೂರಿಪ್ಪತ್ತು ಸಲ, ಹೆಂಗಸಿನ ಮಾತಿನಲ್ಲಿ ಇನ್ನೂರರ ಆಸುಪಾಸು, ಮಕ್ಕಳಲ್ಲಿ ಅದಕ್ಕೂ ಹೆಚ್ಚು. ಹೆಂಗಸೊಬ್ಬಳು ಒಂದು ಗಂಟೆ ಸತತವಾಗಿ ದನಿ ಬಿಟ್ಟರೆ ಆ ಎರಡು ಮಡಿಕೆಗಳು ಏಳು ಲಕ್ಷ ಸಲ ಒಂದಕ್ಕೊಂದು ತಾಗುತ್ತವೆ. ತಾಗುವುದು ಮೇಲಿನ ಪದರ. ಜಪಾನಿನ ಮಿನೊರು ಹಿರಾನೊ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ ಈ ಮಡಿಕೆ ಒಂದೇ ತುಂಡಲ್ಲ. ಒಳಗೆ ಸ್ನಾಯು, ಅದರ ಮೇಲೆ ಗಟ್ಟಿ ನಾರು, ಎಲ್ಲಕ್ಕಿಂತ ಮೇಲೆ ಬಹಳ ಮೆದುವಾದ, ತೇವವಾದ ಹೊದಿಕೆ. ಕಾಯಿಸಿದ ಹಾಲಿನ ಮೇಲಿನ ಕೆನೆಯಂತೆ ಆ ಹೊದಿಕೆ ಒಳಗಿನದ್ದಕ್ಕಿಂತ ಬೇರೆಯಾಗಿ ಅಲೆಯಾಡಬೇಕು. ಅಲೆ ಸರಾಗವಾಗಿ ಎದ್ದರೆ ದನಿ ತಿಳಿಯಾಗಿರುತ್ತದೆ. ಹೊದಿಕೆ ಬಾತುಕೊಂಡರೆ, ಒಣಗಿದರೆ, ಅದರ ಮೇಲೆ ಗಂಟು ಎದ್ದರೆ, ಅಥವಾ ಎರಡು ಮಡಿಕೆಗಳಲ್ಲಿ ಒಂದು ಅಲುಗಾಡದೆ ನಿಂತರೆ ದನಿ ಕೆಡುತ್ತದೆ.

ಕೆಟ್ಟ ದನಿಯಲ್ಲಿ ನಾನು ಮುಖ್ಯವಾಗಿ ಮೂರನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತೇನೆ. ಮಾತಿನ ಜೊತೆಗೆ ಗಾಳಿ ಸೋರುತ್ತಿದೆಯೇ? ಹಾಗಿದ್ದರೆ ಮಡಿಕೆಗಳು ಪೂರ್ತಿ ಮುಚ್ಚುತ್ತಿಲ್ಲ. ಒರಟಾಗಿ ಗರಗರ ಎನ್ನುತ್ತಿದೆಯೇ? ಕಂಪನ ಲಯ ತಪ್ಪಿದೆ, ಬಹುಶಃ ಎರಡೂ ಕಡೆ ತೂಕ ಒಂದೇ ಇಲ್ಲ. ಅಮುಕಿ ಹೊರಡಿಸಿದ ಹಾಗಿದೆಯೇ? ಕುತ್ತಿಗೆಯ ಸ್ನಾಯುಗಳು ಮಾಡಬಾರದ ಕೆಲಸವನ್ನು ಮಾಡುತ್ತಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಬರೆದಿಡುವ ಪದ್ಧತಿಯೂ ಹಿರಾನೊ ಅವರ ಹೆಸರಿನಲ್ಲೇ 1981ರಿಂದ ಪ್ರಚಾರದಲ್ಲಿದೆ. ನಾನು ಅದನ್ನೇ ಬಳಸುತ್ತೇನೆ. ಹೆಚ್ಚಿನ ದನಿಗಳಲ್ಲಿ ಮೂರೂ ಬೆರೆತಿರುತ್ತವೆ. ಯಾವುದು ಮುಂದಿದೆ ಎಂಬುದು ನನಗೆ ಮುಖ್ಯ.

ಆಮೇಲೆ ಉಸಿರು ತುಂಬಿಕೊಂಡು 'ಆ' ಎಂದು ಎಷ್ಟು ಹೊತ್ತು ಎಳೆಯುತ್ತಾರೆ ಎಂದು ನೋಡುತ್ತೇನೆ. ಆರೋಗ್ಯವಂತ ವಯಸ್ಕರು ಹದಿನೈದು ಸೆಕೆಂಡನ್ನು ಸುಲಭವಾಗಿ ದಾಟುತ್ತಾರೆ. ಹತ್ತಕ್ಕಿಂತ ಕೆಳಗೆ ಇಳಿದರೆ ಗಾಳಿ ಎಲ್ಲೋ ವ್ಯರ್ಥವಾಗುತ್ತಿದೆ. ಅದು ಶ್ವಾಸಕೋಶದ ಕೊರತೆಯೋ ಧ್ವನಿಪೆಟ್ಟಿಗೆಯ ಸೋರಿಕೆಯೋ ಎಂದು ತಿಳಿಯಲು 'ಸ್' ಎಂದು ಎಳೆಸಿ, ನಂತರ ಅದೇ ಜಾಗದಿಂದ ದನಿ ಸೇರಿಸಿ, ಇಂಗ್ಲಿಷಿನ 'z' ಸದ್ದಿನಂತೆ, ಎಳೆಸುವುದು ರೂಢಿ. 'ಸ್'ಗೆ ಮಡಿಕೆಗಳ ಕೆಲಸ ಬೇಡ, ಎರಡನೆಯದಕ್ಕೆ ಬೇಕು. ಮೊದಲನೆಯದು ಎರಡನೆಯದಕ್ಕಿಂತ ಬಹಳ ಉದ್ದ ಬಂದರೆ, ಅಂದರೆ 1.4 ಪಟ್ಟಿಗಿಂತ ಹೆಚ್ಚಾದರೆ, ಮಡಿಕೆಗಳ ಮೇಲೆ ಅನುಮಾನ ಪಡಬೇಕು. ಈ ಎರಡನೆಯ ಸದ್ದನ್ನು ನಮ್ಮ ಜನರಿಂದ ಹೊರಡಿಸುವುದು ಸ್ವಲ್ಪ ಕಷ್ಟ. ಹೇಳಿಕೊಟ್ಟರೆ 'ಜ' ಎಂದು ತುಂಡರಿಸಿಬಿಡುತ್ತಾರೆ. ಉರ್ದು ಮಾತಾಡುವವರಿಗೆ ತೊಂದರೆಯಿಲ್ಲ. ಉಳಿದವರಿಗೆ ದುಂಬಿಯ ಸದ್ದು ಮಾಡಿ ಎನ್ನುತ್ತೇನೆ. ದೊಡ್ಡವರು ನಾಚುತ್ತಾರೆ, ಮಕ್ಕಳು ಕೋಣೆ ತುಂಬ ಝೇಂಕರಿಸುತ್ತಾರೆ.

ಒಳಗೆ ಇಣುಕುವ ವಿದ್ಯೆಯ ಬಗ್ಗೆ ಒಂದು ಮಾತು. ದನಿ ಬಿಡುವಾಗ ಜೀವಂತ ಮಡಿಕೆಗಳು ಹೇಗೆ ಚಲಿಸುತ್ತವೆ ಎಂದು ನೋಡಿ ವಿವರಿಸಿದವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಮಾನ್ಯುಯೆಲ್ ಗಾರ್ಸಿಯಾ ಎಂಬಾತ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಿನ ಹಿಂದೆ ಹಿಡಿದು, ಬಿಸಿಲನ್ನು ಅದರ ಮೇಲೆ ಬೀಳಿಸಿ ತನ್ನದೇ ದನಿಪೆಟ್ಟಿಗೆಯನ್ನು ನೋಡಿದ. ಧಾರವಾಡದ ಗಾಯಕರಿಗೆ ಈ ಕಥೆ ಹೇಳಿದರೆ ಪರೀಕ್ಷೆಯ ಭಯ ಅರ್ಧ ಇಳಿಯುತ್ತದೆ. ಇಂದು ತೆಳುವಾದ ಎಂಡೋಸ್ಕೋಪು ಮೂಗಿನಿಂದ ಇಳಿಯುತ್ತದೆ, ಅಥವಾ ಗಟ್ಟಿ ಕೊಳವೆ ಬಾಯಿಯಿಂದ. ಕೆಲವೇ ನಿಮಿಷದ ಕೆಲಸ. ಸೆಕೆಂಡಿಗೆ ಇನ್ನೂರು ಕಂಪನಗಳನ್ನು ಬರಿಗಣ್ಣು ಹಿಡಿಯಲಾರದು. ಅದಕ್ಕಾಗಿ ಮಿನುಗುವ ಬೆಳಕಿನ ಸ್ಟ್ರೋಬೋಸ್ಕೋಪ್ ಇದೆ. ಅದರಲ್ಲಿ ಅಲೆ ನಿಧಾನವಾಗಿ ಏಳುತ್ತಿರುವಂತೆ ಕಾಣುತ್ತದೆ. ಪರದೆಯ ಮೇಲೆ ತಮ್ಮದೇ ದನಿಯನ್ನು ಕಣ್ಣಿನಿಂದ ನೋಡಿದವರು ನನ್ನ ಮಾತನ್ನು ಬೇಗ ನಂಬುತ್ತಾರೆ.

ನನ್ನ ಬಳಿ ಎಲ್ಲರಿಗಿಂತ ಹೆಚ್ಚಾಗಿ ಬರುವವರು ಶಾಲಾ ಶಿಕ್ಷಕಿಯರು. ಗದಗ ಜಿಲ್ಲೆಯ ಸರ್ಕಾರಿ ಶಾಲೆಯ ಒಬ್ಬ ಟೀಚರ್ ಬಂದಿದ್ದರು. ವಯಸ್ಸು ನಲವತ್ತರ ಒಳಗೆ. ಬೆಳಿಗ್ಗೆ ದನಿ ಪರವಾಗಿಲ್ಲ, ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಒಡೆಯುತ್ತದೆ, ಸಂಜೆಗೆ ಪಿಸುಮಾತು, ಭಾನುವಾರ ಸ್ವಲ್ಪ ಸುಧಾರಣೆ. ಬಳಸಿದಷ್ಟು ಕೆಡುವ, ಬಿಟ್ಟಷ್ಟು ಸುಧಾರಿಸುವ ದನಿ ಇದು. ಕೇಳಿದರೆ ಸ್ವಲ್ಪ ನೆಮ್ಮದಿಯಾಗುತ್ತದೆ. ಒಂದೇ ಸಮನೆ ಕೆಡುತ್ತ ಹೋಗುವ ದನಿ ಹೆಚ್ಚು ಹೆದರಿಸುತ್ತದೆ. ವೈದ್ಯರು ನೋಡಿದಾಗ ಅಂದುಕೊಂಡದ್ದೇ ಕಂಡಿತು: ಎರಡೂ ಮಡಿಕೆಗಳ ಮೇಲೆ ಎದುರು ಬದುರಾಗಿ ಚಿಕ್ಕ ಗಂಟುಗಳು, ಮುಂದಿನ ಮೂರನೇ ಒಂದು ಭಾಗ ಮುಗಿಯುವ ಕಡೆ. ತಾಗುವ ಪೆಟ್ಟು ಅತಿ ಜೋರಾಗಿ ಬೀಳುವುದು ಅಲ್ಲಿಯೇ. ಹೆಚ್ಚು ಕೂಗುವ ಮಕ್ಕಳಲ್ಲಿ ಮತ್ತು ಹೆಂಗಸರಲ್ಲಿ ಇವು ಹೆಚ್ಚು, ಏಕೆಂದರೆ ಮಡಿಕೆ ಚಿಕ್ಕದಾದಷ್ಟೂ ಬಡಿತ ಹೆಚ್ಚು. ಇದಕ್ಕೆ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆಯಲ್ಲ. ಗಂಟು ತೆಗೆದು ಅಭ್ಯಾಸ ಹಾಗೆಯೇ ಬಿಟ್ಟರೆ ಮತ್ತೆ ಬೆಳೆಯುತ್ತದೆ.

ದಿನಚರಿ ಕೇಳುವುದಕ್ಕೆ ನಾನು ಬಹಳ ಹೊತ್ತು ಕೊಡುತ್ತೇನೆ, ಏಕೆಂದರೆ ಪೆಟ್ಟು ಬೀಳುವ ಜಾಗ ಅಲ್ಲಿ ಸಿಗುತ್ತದೆ. ಬೆಳಗಿನ ಪ್ರಾರ್ಥನೆಗೆ ಮೈದಾನದಲ್ಲಿ ಮೈಕ್ ಇಲ್ಲದೆ ಆಜ್ಞೆ ಕೊಡುವವರು ಇವರೇ. ನಲಿ-ಕಲಿ ತರಗತಿ, ಮೂರು ಇಯತ್ತೆಯ ಮಕ್ಕಳು ಒಂದೇ ಕೋಣೆಯಲ್ಲಿ. ಪಕ್ಕದ ತರಗತಿಗೂ ಇವರದಕ್ಕೂ ನಡುವೆ ಇರುವುದು ಅರ್ಧ ಗೋಡೆ. ಸುತ್ತ ಗದ್ದಲವಿದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಇದನ್ನು ಗುರುತಿಸಿದ. ಆಚೆಯ ಕೋಣೆಯ ಟೀಚರ್ ಏರಿಸುತ್ತಾರೆ, ಈಚೆಯವರೂ ಏರಿಸುತ್ತಾರೆ, ಮಕ್ಕಳು ಇಬ್ಬರನ್ನೂ ಮೀರುತ್ತಾರೆ. ಇಷ್ಟು ತಿಳಿದ ಮೇಲೆ ಶಾಲೆಯ ಲೆಕ್ಕ ಮುಗಿಯಿತು. ಆದರೆ ದಸರಾ ರಜೆಯಲ್ಲಿಯೂ ದನಿ ಸುಧಾರಿಸಲಿಲ್ಲ ಎಂದು ಅವರು ಮಾತಿನ ನಡುವೆ ಹೇಳಿದ್ದು ನನಗೆ ಹೊಂದಲಿಲ್ಲ. ಮನೆಯಲ್ಲಿ ಯಾರ ಜೊತೆ ಮಾತಾಡುತ್ತೀರಿ ಎಂದೆ. "ಅತ್ತೆಯವರ ಜೊತೆ ಸರ್. ಅವರಿಗೆ ಕಿವಿ ಸ್ವಲ್ಪ ಮಂದ."

ಮುಂದಿನ ಸಲ ಅತ್ತೆಯವರನ್ನೂ ಕರೆದುಕೊಂಡು ಬರಲು ಹೇಳಿದೆ. ಕಿವಿಯ ಪರೀಕ್ಷೆಯಲ್ಲಿ 'ಸ್ವಲ್ಪ ಮಂದ' ಎಂಬುದು ಸ್ವಲ್ಪ ಇರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಸೊಸೆ ಕೂಗಿ ಹೇಳಬೇಕು, ಅತ್ತೆ "ಆಂ?" ಎನ್ನಬೇಕು, ಮತ್ತೆ ಕೂಗಬೇಕು. ಬೆಳಿಗ್ಗೆ ಎರಡು ತಾಸು, ಸಂಜೆ ಮೂರು ತಾಸು ಹೀಗೆಯೇ. ಅತ್ತೆಯವರಿಗೆ ಶ್ರವಣಯಂತ್ರ ಹೊಂದಿಸಿದ ದಿನ ಅವರು ಮೊದಲು ಹೇಳಿದ್ದು, "ಇಷ್ಟು ಜೋರಾಗಿ ಏಕೆ ಮಾತಾಡುತ್ತಿ, ನಾನೇನು ಕಿವುಡಿಯೇ?" ಟೀಚರಿಗೆ ನಗು ತಡೆಯಲಾಗಲಿಲ್ಲ. ನಾನು ಆ ನಗುವನ್ನು ಕೇಳಿಸಿಕೊಂಡೆ: ಗಾಳಿ ಸೋರುತ್ತಿದ್ದರೂ ಮಾತಿಗಿಂತ ತಿಳಿಯಾಗಿತ್ತು. ನಗುವಿನಲ್ಲಿ ಯಾರೂ ಗಂಟಲನ್ನು ಬಿಗಿಯುವುದಿಲ್ಲ. ಅಷ್ಟು ಸಡಿಲವಾದ ದನಿಯನ್ನು ಪಾಠಕ್ಕೆ ತರಿಸಬೇಕಿತ್ತು.

ಅದನ್ನು ತರಿಸಲು ನಾನು ಬಳಸುವ ಮೊದಲ ಸಾಧನ ಎಳನೀರಿನ ಸ್ಟ್ರಾ. ಅರ್ಧ ಲೋಟ ನೀರು, ಸ್ಟ್ರಾದ ತುದಿ ನೀರಿನೊಳಗೆ ಎರಡು ಬೆರಳು ಅಗಲದಷ್ಟು ಆಳ. ತುಟಿಗಳು ಸ್ಟ್ರಾದ ಸುತ್ತ ಸೋರದಂತೆ ಕೂಡಿರಬೇಕು, ಹಲ್ಲಿನಿಂದ ಕಚ್ಚಬಾರದು. ಮೊದಲು ಬರೀ ಗಾಳಿ ಊದಿ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ಸಮನಾಗಿ ಏಳತೊಡಗಿದ ಮೇಲೆ ಅದಕ್ಕೆ 'ಊ' ಎಂಬ ದನಿಯನ್ನು ಸೇರಿಸಬೇಕು. ಕೆನ್ನೆ ಅದುರುತ್ತದೆ, ಮೂಗಿನ ಬುಡದಲ್ಲಿ ಕಚಗುಳಿಯಾಗುತ್ತದೆ. ದನಿ ಎಲ್ಲಿ ಅನಿಸುತ್ತಿದೆ ಎಂದು ಕೇಳಿದರೆ ಗಂಟಲು ಮುಟ್ಟುತ್ತಿದ್ದವರು ನಿಧಾನವಾಗಿ ತುಟಿ ಮುಟ್ಟಿ ತೋರಿಸುತ್ತಾರೆ. ಬಾಯಿಯ ಮುಂದೆ ದಾರಿ ಕಿರಿದಾದಾಗ ಹಿಂದಕ್ಕೆ ಒತ್ತಡ ಮರಳುತ್ತದೆ. ಆ ಒತ್ತಡ ಮಡಿಕೆಗಳನ್ನು ತುಸು ದೂರ ಹಿಡಿದಿರುತ್ತದೆ. ಅವು ಚೆನ್ನಾಗಿ ಕಂಪಿಸುತ್ತವೆ, ಆದರೆ ಜೋರಾಗಿ ಬಡಿದುಕೊಳ್ಳುವುದಿಲ್ಲ. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಇದರ ಭೌತಶಾಸ್ತ್ರವನ್ನು ಬಿಡಿಸಿಟ್ಟಿದ್ದಾರೆ. ದಿನಕ್ಕೆ ಹಲವು ಬಾರಿ, ಒಂದೊಂದು ಸಲಕ್ಕೆ ಎರಡು-ಮೂರು ನಿಮಿಷ ಸಾಕು. ಒಮ್ಮೆಲೇ ಅರ್ಧ ಗಂಟೆ ಮಾಡಿ ಮುಗಿಸುತ್ತೇನೆ ಎನ್ನುವವರಿಗೆ ಬೇಡ ಎನ್ನುತ್ತೇನೆ.

ಸ್ಟ್ರಾ ತೆಗೆದ ಮೇಲೆ ತುಟಿ ಮುಚ್ಚಿ 'ಮ್' ಎಂಬ ಗುಂಯ್‌ಗುಡುವಿಕೆ. ಆಮೇಲೆ ಅದೇ ಗುಂಯ್ ಕಳೆಯದಂತೆ ಮಾತು: ಮನೆ, ಮಾವು, ಮಾಮಾ, ಮಾವಿನ ಮರ ಮನೆಯ ಮುಂದಿದೆ. ಕನ್ನಡದಲ್ಲಿ ಮ, ನ, ಣ ಸಾಕಷ್ಟು ಇರುವುದರಿಂದ ಪಾಠದ ಪುಸ್ತಕವೇ ಅಭ್ಯಾಸಕ್ಕೆ ಆಗುತ್ತದೆ. ಕೋಣೆಯಲ್ಲಿ ಇದು ಬೇಗ ಬರುತ್ತದೆ. ಬಾಗಿಲಾಚೆ ಹೋದೊಡನೆ ಕಳೆದೂ ಹೋಗುತ್ತದೆ, ಏಕೆಂದರೆ ದನಿ ಕೆಡಿಸುವ ಗದ್ದಲ ಬಾಗಿಲಾಚೆ ಇದೆ. ಹಾಗಾಗಿ ನಾನು ಮೊಬೈಲಿನಲ್ಲಿ ಬಸ್ ನಿಲ್ದಾಣದ ಸದ್ದು ಹಚ್ಚಿ ಅದರ ನಡುವೆ ಪಾಠ ಓದಿಸುತ್ತೇನೆ. ಸದ್ದು ಏರಿದಾಗ ಅವರೂ ಏರುತ್ತಾರೆ, ಕೈ ಎತ್ತಿ ತೋರಿಸುತ್ತೇನೆ, ಇಳಿಯುತ್ತಾರೆ. ಈ ಟೀಚರ್ ತರಗತಿಯಲ್ಲಿ ಚಪ್ಪಾಳೆಯ ಒಂದು ಸಂಕೇತ ಮಾಡಿಕೊಂಡರು. ಮಕ್ಕಳು ಚಪ್ಪಾಳೆಗೆ ಚಪ್ಪಾಳೆ ಹೊಡೆದು ಸುಮ್ಮನಾದ ಮೇಲೆಯೇ ಮಾತು. ಪ್ರಾರ್ಥನೆಯ ಆಜ್ಞೆಯನ್ನು ದೈಹಿಕ ಶಿಕ್ಷಕರ ಸೀಟಿಗೆ ಒಪ್ಪಿಸಿದರು. ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕ್ ಕೊಂಡರು. ಶಾಲೆಯಲ್ಲಿ ಮೊದಲು ನಕ್ಕರಂತೆ. ಬೇಸಿಗೆ ರಜೆಯ ಹೊತ್ತಿಗೆ ವೈದ್ಯರು ಮತ್ತೆ ನೋಡಿದಾಗ ಒಂದು ಕಡೆಯ ಗಂಟು ಕಾಣಲಿಲ್ಲ, ಇನ್ನೊಂದು ಕುಗ್ಗಿತ್ತು.

ಇಷ್ಟು ಸಲೀಸಾಗಿ ಎಲ್ಲರದೂ ನಡೆಯುವುದಿಲ್ಲ. ವಾಯವ್ಯ ಸಾರಿಗೆಯ ಒಬ್ಬ ಕಂಡಕ್ಟರ್ ಪ್ರತಿ ಅಭ್ಯಾಸವನ್ನೂ ಚಾಚೂ ತಪ್ಪದೆ ಕಲಿತರು, ಆದರೆ ಗುಟ್ಕಾ ಬಿಡಲಿಲ್ಲ, ರಾತ್ರಿ ಹನ್ನೊಂದಕ್ಕೆ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ ಉಂಡು ಹನ್ನೊಂದೂವರೆಗೆ ಮಲಗುವುದನ್ನೂ ಬಿಡಲಿಲ್ಲ. ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆಯ ಹಿಂಭಾಗವನ್ನು ಸವರಿದರೆ ಬೆಳಿಗ್ಗೆ ಎದ್ದಾಗ ದನಿ ಗೊಗ್ಗರು, ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಕ್ಷಣಕ್ಷಣಕ್ಕೂ ಗಂಟಲು ಸರಿಮಾಡಿಕೊಳ್ಳುವ ಚಟ. ಅನೇಕರಿಗೆ ಎದೆಯುರಿ ಇರುವುದೇ ಇಲ್ಲ, ಹಾಗಾಗಿ ಹೊಟ್ಟೆಯ ಮಾತು ಎತ್ತಿದರೆ ನಂಬುವುದಿಲ್ಲ. ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆ ಅಂತರ, ಮಂಚದ ತಲೆಭಾಗದ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ. ಇಷ್ಟು ನಾನು ಹೇಳುತ್ತೇನೆ, ಮಾತ್ರೆಯ ಮಾತು ವೈದ್ಯರದ್ದು. ಆ ಗಂಟಲು ಸರಿಮಾಡಿಕೊಳ್ಳುವ ಖರ್‌ಖರ್ ಇದೆಯಲ್ಲ, ಅದು ಮಡಿಕೆಗಳನ್ನು ಜೋರಾಗಿ ಉಜ್ಜುತ್ತದೆ. ಅದು ಬಂದಾಗ ಒಂದು ಗುಟುಕು ನೀರು, ಇಲ್ಲವೇ ಉಗುಳು ನುಂಗುವುದು. ಚಹಾ ಬಿಡಿ ಎಂದು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹುಬ್ಬಳ್ಳಿಯಲ್ಲಿ ಅದನ್ನು ಹೇಳಿದವನ ಉಳಿದ ಮಾತಿಗೂ ಬೆಲೆ ಇರುವುದಿಲ್ಲ. ಚಹಾದ ಜೊತೆ ನೀರನ್ನೂ ಕುಡಿಯಿರಿ ಎನ್ನುತ್ತೇನೆ.

ಬ್ಯಾಡಗಿಯ ಕಡೆಯಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಬರುತ್ತಾರೆ, ಸುಗ್ಗಿ ಮುಗಿಯುವ ಹೊತ್ತಿಗೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ಆದರೆ ರಾಶಿಯ ಪಕ್ಕ ದಿನವಿಡೀ ಕೂತವರ ಮೂಗಿಗೆ ಏರುವ ಘಾಟು ಕಡಿಮೆಯದಲ್ಲ. ಅಲ್ಲಿ ದನಿಯನ್ನು ಕೆಡಿಸುವುದು ಮಾತಲ್ಲ, ಕೆಮ್ಮು. ಬಾಯಿಗೆ ಸೆರಗು ಕಟ್ಟುವುದಕ್ಕಿಂತ ಒದ್ದೆ ಮಾಡಿದ ದಪ್ಪ ಬಟ್ಟೆ ಒಳ್ಳೆಯದು, ಸರಿಯಾದ ಮಾಸ್ಕ್ ಇನ್ನೂ ಒಳ್ಳೆಯದು. ಉಬ್ಬಸಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಎಳೆಯುವವರೂ ಇವರಲ್ಲಿ ಇರುತ್ತಾರೆ. ಎಳೆದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸದಿದ್ದರೆ ಆ ಔಷಧಿಯೇ ಗಂಟಲನ್ನು ಕೆರಳಿಸುತ್ತದೆ, ಬೂಷ್ಟು ಹಿಡಿಸುತ್ತದೆ. ಅದಕ್ಕಾಗಿ ಇನ್‌ಹೇಲರ್ ನಿಲ್ಲಿಸಬಾರದು, ಮುಕ್ಕಳಿಸಬೇಕು.

ಗೊಗ್ಗರು ದನಿಯ ಬೇರು ಗಂಟಲಿನಿಂದ ಎಷ್ಟು ದೂರ ಇರಬಹುದು ಎಂಬುದಕ್ಕೆ ಎಡಗಡೆಯ ನರವೊಂದೇ ಸಾಕ್ಷಿ. ಮಡಿಕೆಗಳನ್ನು ಅಲುಗಾಡಿಸುವ ನರ ಮೆದುಳಿನಿಂದ ನೇರವಾಗಿ ಧ್ವನಿಪೆಟ್ಟಿಗೆಗೆ ಬರುವುದಿಲ್ಲ. ಎದೆಗೆ ಇಳಿದು, ಎಡಗಡೆ ಮಹಾಪಧಮನಿಯ ಕಮಾನನ್ನು ಸುತ್ತಿ, ಮತ್ತೆ ಮೇಲೆ ಹತ್ತಿ, ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಪೆಟ್ಟು ಬಿದ್ದರೂ ಎಡ ಮಡಿಕೆ ಸುಮ್ಮನಾಗುತ್ತದೆ. ಥೈರಾಯ್ಡ್ ಶಸ್ತ್ರಕ್ರಿಯೆಯಲ್ಲಿ ನರಕ್ಕೆ ನೋವಾಗಿರಬಹುದು. ಶ್ವಾಸಕೋಶದ ಗಡ್ಡೆ, ಕ್ಷಯದ ಗಂಟು, ಕವಾಟ ಕಿರಿದಾಗಿ ಹಿಗ್ಗಿದ ಹೃದಯದ ಎಡ ಮೇಲ್ಕೋಣೆ, ಯಾವುದಾದರೂ ಒತ್ತಿರಬಹುದು. ಇಂಥವರ ದನಿಯಲ್ಲಿ ಗಾಳಿಯೇ ಹೆಚ್ಚು, ವಾಕ್ಯ ಮುಗಿಯುವುದರೊಳಗೆ ಉಸಿರು ಮುಗಿಯುತ್ತದೆ, ನೀರು ಕುಡಿದರೆ ಕೆಮ್ಮುತ್ತಾರೆ. ಸದ್ದೇ ಇಲ್ಲದೆ ಒಂದು ನರ ಸೋತು, ಎದೆಯ ಎಕ್ಸ್‌ರೇಯಲ್ಲಿ ಕಾರಣ ಸಿಕ್ಕವರನ್ನು ನಾನು ಕಂಡಿದ್ದೇನೆ. ಶಸ್ತ್ರಕ್ರಿಯೆಯ ನಂತರ ಬಂದ ಸೋಲು ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುವುದೂ ಉಂಟು. ಆ ತನಕ ನಾನು ಇನ್ನೊಂದು ಮಡಿಕೆ ಮಧ್ಯರೇಖೆ ದಾಟಿ ಬರುವಂತೆ ಅಭ್ಯಾಸ ಕೊಡುತ್ತೇನೆ, ಗದ್ದ ತಗ್ಗಿಸಿ ನೀರು ನುಂಗಲು ಕಲಿಸುತ್ತೇನೆ. ಸರಿಹೋಗದಿದ್ದರೆ ಸೋತ ಮಡಿಕೆಯನ್ನು ಚುಚ್ಚುಮದ್ದಿನಿಂದ ಉಬ್ಬಿಸಿ ಅಥವಾ ಹೊರಗಿನಿಂದ ಚೂರೊಂದನ್ನು ಕೂರಿಸಿ ಮಧ್ಯಕ್ಕೆ ತಳ್ಳುವ ಶಸ್ತ್ರಕ್ರಿಯೆ ಇದೆ.

ಬೀಡಿಯ ದನಿಗೆ ಬರುತ್ತೇನೆ. ವರ್ಷಗಟ್ಟಲೆ ಸೇದಿದವರ ಹೊದಿಕೆ ನೀರು ತುಂಬಿ ಜೋತುಬೀಳುತ್ತದೆ. ಹೆಂಗಸರಾದರೆ ಫೋನಿನಲ್ಲಿ ಗಂಡಸು ಎಂದುಕೊಳ್ಳುವಷ್ಟು ದನಿ ಇಳಿಯುತ್ತದೆ. "ಇದು ನನ್ನ ಮೊದಲಿನ ದನಿಯೇ, ಬೀಡಿಯಿಂದ ಹೀಗಿದೆ" ಎಂದು ಹಿರಿಯರು ಕೈಯಾಡಿಸಿಬಿಡುತ್ತಾರೆ. ಇವರ ವಿಷಯದಲ್ಲಿ ನಾನು ಮುಲಾಜು ಇಟ್ಟುಕೊಳ್ಳುವುದಿಲ್ಲ. ಮಡಿಕೆಯ ಮೇಲೆಯೇ ಹುಟ್ಟುವ ಕ್ಯಾನ್ಸರಿಗೆ ಒಂದು ಗುಣವಿದೆ: ಜೋಳದ ಕಾಳಿಗಿಂತ ಚಿಕ್ಕದಿರುವಾಗಲೇ ದನಿಯನ್ನು ಕೆಡಿಸಿ ತನ್ನನ್ನು ತಾನು ಹಿಡಿದುಕೊಡುತ್ತದೆ. ಆ ಜಾಗದಲ್ಲಿ ದುಗ್ಧರಸ (ಲಿಂಫ್) ಹರಿಯುವ ನಾಳಗಳು ಕಡಿಮೆ, ಆದ್ದರಿಂದ ಬೇಗ ಹರಡುವುದೂ ಇಲ್ಲ. ಆ ಹಂತದಲ್ಲಿ ವಿಕಿರಣ ಅಥವಾ ಲೇಸರ್ ಚಿಕಿತ್ಸೆಯಿಂದ ಹತ್ತರಲ್ಲಿ ಒಂಬತ್ತರ ಆಸುಪಾಸು ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ಅದೇ ಮನುಷ್ಯ ಸಿರಪ್ಪು ಕುಡಿಯುತ್ತ ಒಂದು ವರ್ಷ ಕಳೆದು ಬಂದರೆ ಇಡೀ ಧ್ವನಿಪೆಟ್ಟಿಗೆಯನ್ನು ತೆಗೆದು ಕುತ್ತಿಗೆಯಲ್ಲಿ ಉಸಿರಿಗೆ ದಾರಿ ಮಾಡಬೇಕಾಗಬಹುದು. ಅಂಥವರಿಗೆ ಮತ್ತೆ ಮಾತು ಕಲಿಸುವುದೂ ನನ್ನದೇ ಕೆಲಸ, ಹಾಗಾಗಿ ಎರಡೂ ಕಡೆಯ ವ್ಯತ್ಯಾಸ ಏನೆಂದು ಗೊತ್ತು.

ಎಷ್ಟು ದಿನ ಕಾಯಬಹುದು? ನೆಗಡಿ-ಜ್ವರದ ಜೊತೆ ಬಂದ ದನಿಯ ಕೆಡುಕು ಸಾಮಾನ್ಯವಾಗಿ ವೈರಸ್ಸಿನದು, ಒಂದೆರಡು ವಾರದಲ್ಲಿ ಹೋಗುತ್ತದೆ, ಅದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. ಅಮೆರಿಕದ ಗಂಟಲು ತಜ್ಞರ ಸಂಘ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ನಾಲ್ಕು ವಾರದ ಗಡಿ ಇದೆ. ನಾನು ನಮ್ಮ ಕಡೆಯ ತಂಬಾಕಿನ ಬಳಕೆ ನೋಡಿ ಮೂರೇ ವಾರ ಎನ್ನುತ್ತೇನೆ. ತಂಬಾಕು ಬಳಸುವವರು, ನುಂಗಲು ನೋವಿರುವವರು, ಕಫದಲ್ಲಿ ರಕ್ತ ಕಂಡವರು, ಕುತ್ತಿಗೆಯಲ್ಲಿ ಗಂಟು ಬಂದವರು, ತೂಕ ಇಳಿಯುತ್ತಿರುವವರು, ಒಂದೇ ಕಿವಿಯಲ್ಲಿ ನೋವಿರುವವರು, ಯಾವುದಾದರೂ ಶಸ್ತ್ರಕ್ರಿಯೆಯ ನಂತರ ದನಿ ಕೆಟ್ಟವರು ಅಷ್ಟೂ ಕಾಯಬಾರದು. ಉಸಿರು ಎಳೆದುಕೊಳ್ಳುವಾಗ ಸೀಟಿಯಂಥ ಸದ್ದು ಬಂದರೆ ಆ ರಾತ್ರಿಯೇ ಆಸ್ಪತ್ರೆ.

ಒಳಗೆಲ್ಲ ಸರಿಯಿದ್ದು ದನಿ ಮಾತ್ರ ಇಲ್ಲದವರೂ ಬರುತ್ತಾರೆ. ಹಾವೇರಿ ಕಡೆಯ ಒಬ್ಬ ಹೆಂಗಸಿಗೆ ಬೆಳಿಗ್ಗೆ ಏಳುವಾಗ ದನಿ ಹೋಗಿತ್ತು, ಬರೀ ಪಿಸುಗುಟ್ಟುವಿಕೆ. ಮನೆಯವರು ದೇವರಿಗೆ ಹರಕೆ ಹೊತ್ತು, ತಾಯತ ಕಟ್ಟಿಸಿ ಆಮೇಲೆ ಬಂದಿದ್ದರು. ಎಂಡೋಸ್ಕೋಪಿಯಲ್ಲಿ ಮಡಿಕೆಗಳು ಚೆನ್ನಾಗಿದ್ದವು. ಕೆಮ್ಮಿ ಎಂದೆ, ಕೆಮ್ಮು ಗಟ್ಟಿಯಾಗಿ, ದನಿಯಿಂದ ಕೂಡಿ ಬಂತು. ಕೆಮ್ಮಲು ಬರುವ ಮಡಿಕೆಗೆ ಮಾತಾಡಲೂ ಬರುತ್ತದೆ. ಇದು ನಾಟಕವಲ್ಲ ಎಂದು ಮೊದಲು ಮನೆಯವರಿಗೆ ಹೇಳಿ ಹೊರಗೆ ಕೂರಿಸಿದೆ. ಮನಸ್ಸಿನ ಮೇಲೆ ಭಾರ ಬಿದ್ದಾಗ ದೇಹ ಹೀಗೆ ದನಿಯನ್ನು ಕಟ್ಟಿಹಾಕುವುದುಂಟು, ಅದು ಅವರ ಕೈಯಲ್ಲಿರುವುದಿಲ್ಲ. ಕೆಮ್ಮಿನ ಬಾಲವನ್ನು ಎಳೆಸಿ 'ಹ್ಞೂಂ' ಮಾಡಿಸಿದೆ, ಹ್ಞೂಂ ಎಂಬುದನ್ನು ಉತ್ತರವಾಗಿಸಿದೆ. ಊಟ ಆಯಿತೇ? ಹ್ಞೂಂ. ಮಕ್ಕಳು ಶಾಲೆಗೆ ಹೋದರೇ? ಹ್ಞೂಂ. ಅದೇ ಕೂರುವಿಕೆಯಲ್ಲಿ ಮಗಳ ಹೆಸರನ್ನು ಗಟ್ಟಿಯಾಗಿ ಹೇಳಿದರು. ಭಾರ ಏನಿತ್ತು ಎಂಬುದು ಇಲ್ಲಿ ಬರೆಯುವ ವಿಷಯವಲ್ಲ. ಅದಕ್ಕೆ ಮನೋವೈದ್ಯರ ನೆರವು ಬೇಕಾಯಿತು.

ಗಾಯಕರ ಬಗ್ಗೆ ಬರೆಯದೆ ಧಾರವಾಡದ ಓದುಗರು ಬಿಡುವುದಿಲ್ಲ. ಬದಲಾದ ದನಿಯೆಲ್ಲ ಕೆಟ್ಟ ದನಿಯಲ್ಲ ಎಂದು ಹೇಳಬೇಕಾದಾಗ ನಾನು ಗಂಗೂಬಾಯಿ ಹಾನಗಲ್ಲರನ್ನು ನೆನೆಯುತ್ತೇನೆ. ಎಳೆಯ ವಯಸ್ಸಿನ ಅವರ ತೆಳು ದನಿ ಟಾನ್ಸಿಲ್ ಚಿಕಿತ್ಸೆಯ ನಂತರ ಗಂಡುದನಿಯಷ್ಟು ಗಡಸಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರು ಹಳೆಯ ದನಿಯನ್ನು ಬೆನ್ನುಹತ್ತದೆ ಹೊಸ ದನಿಗೆ ತಕ್ಕ ಷಡ್ಜ, ಅಂದರೆ ಆಧಾರದ 'ಸ' ಸ್ವರ, ಹಿಡಿದು ಹಾಡಿದರು. ನನ್ನ ಬಳಿ ಬರುವ ಕಲಿಯುವ ಮಕ್ಕಳಲ್ಲಿ ಅನೇಕರು ಇದರ ಉಲ್ಟಾ ಮಾಡುತ್ತಾರೆ: ಇನ್ನಾರದೋ ಷಡ್ಜಕ್ಕೆ ತಮ್ಮ ಗಂಟಲನ್ನು ಏರಿಸುತ್ತಾರೆ. ಹದಿಮೂರು-ಹದಿನಾಲ್ಕರ ಹುಡುಗರ ಮಡಿಕೆ ಬೆಳೆಯುವ ಕಾಲದಲ್ಲಿ ದನಿ ಒಡೆಯುವುದು ಸಹಜ. ಆಗ ಅರ್ಧ ಸ್ವರವಾದರೂ ಇಳಿಸಿ, ಎತ್ತರದ ತಾರಸಪ್ತಕವನ್ನು ಕೆಲವು ತಿಂಗಳು ಬಿಡಿ ಎಂದು ಗುರುಗಳಿಗೆ ವಿನಯದಿಂದಲೇ ಕೇಳಿಕೊಳ್ಳುತ್ತೇನೆ. ಕೆಲವರು ಒಪ್ಪುತ್ತಾರೆ. ಸ್ಪರ್ಧೆ ಹತ್ತಿರವಿದ್ದರೆ ಪಾಲಕರು ಒಪ್ಪುವುದಿಲ್ಲ.

ಮನೆಮದ್ದಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನುಂಗಿದ ಯಾವುದೂ ಮಡಿಕೆಗಳನ್ನು ಮುಟ್ಟುವುದಿಲ್ಲ; ಮುಟ್ಟಿದರೆ ನೀವು ಕೆಮ್ಮಿ ಕಂಗಾಲಾಗುತ್ತೀರಿ. ಜೇನು, ಕಲ್ಲುಸಕ್ಕರೆ, ಜೇಷ್ಠಮಧು ಗಂಟಲಿನ ಮೇಲ್ಭಾಗಕ್ಕೆ ಹಿತ ಕೊಡುತ್ತವೆ, ಉಗುಳು ಹೆಚ್ಚಿಸುತ್ತವೆ, ಕೆಮ್ಮನ್ನು ತಡೆಯುತ್ತವೆ. ಅಷ್ಟಕ್ಕೆ ತೆಗೆದುಕೊಳ್ಳಿ. ಆದರೆ ಬಿಪಿ ಇರುವವರು ಜೇಷ್ಠಮಧುವನ್ನು ದಿನಾ ಜಗಿಯಬಾರದು, ಅದು ರಕ್ತದೊತ್ತಡ ಏರಿಸುತ್ತದೆ. ಬರೀ ನೀರಿನ ಹಬೆ ಮಾತ್ರ ನೇರವಾಗಿ ಮಡಿಕೆಯ ಮೇಲ್ಮೈಗೆ ತಲುಪುತ್ತದೆ. ಅದಕ್ಕೆ ಬಾಮು ಹಾಕುವುದು ಬೇಡ. ದನಿಗೆ ವಿಶ್ರಾಂತಿ ಎಂದು ಪಿಸುಗುಟ್ಟುತ್ತ ತಿರುಗುವುದರಿಂದ ಲಾಭವಿಲ್ಲ, ಬಿಗಿಯಾಗಿ ಪಿಸುಗುಟ್ಟುವಾಗ ಗಂಟಲು ಇನ್ನಷ್ಟು ಸೆಟೆಯುತ್ತದೆ. ಮಾತು ಕಡಿಮೆ ಮಾಡಿ, ಆಡುವುದನ್ನು ಎದುರಿಗೆ ಕೂತವರಿಗೆ ಕೇಳುವಷ್ಟು ಮೆದುವಾಗಿ ಆಡಿ.

ನನ್ನಂಥವರ ಬಳಿ ಬರುವವರು ವೈದ್ಯರ ವರದಿಯ ಜೊತೆಗೆ ಇನ್ನೊಂದನ್ನು ತಂದರೆ ಉಪಕಾರ. ದನಿ ಕೆಡುವುದಕ್ಕೆ ಮುಂಚಿನ ಒಂದು ವಿಡಿಯೊ, ನೀವು ಮಾತಾಡುತ್ತಿರುವುದು. ಮದುವೆಯದ್ದಾಗಲಿ, ಮಗುವಿನ ಹುಟ್ಟುಹಬ್ಬದ್ದಾಗಲಿ, ವಾಟ್ಸ್ಆ್ಯಪ್‌ನಲ್ಲಿ ಯಾರಿಗೋ ಕಳಿಸಿದ ಧ್ವನಿ ಸಂದೇಶವಾಗಲಿ, ಯಾವುದಾದರೂ ಆದೀತು. ನಿಮ್ಮ ಮೊದಲಿನ ದನಿ ಹೇಗಿತ್ತು ಎಂದು ನೀವು ಬಾಯಿಯಲ್ಲಿ ವರ್ಣಿಸಿದರೆ ನನಗೆ ತಿಳಿಯುವುದಿಲ್ಲ. ನಿಮ್ಮ ಮನೆಯವರನ್ನು ಕೇಳಿದರೆ ಅವರಿಗೂ ಅಷ್ಟು ನೆನಪಿರುವುದಿಲ್ಲ.